ಕಲಶದ ಕಾಯಿ ಮೊಳೆತಾಗ: ಚಳಿ ದೇಶದಲ್ಲಿ ತೆಂಗಿನ ಸಸಿ

ಕೈತೋಟ: ಓದುಗರ ಪ್ರಶ್ನೆ, ನಮ್ಮ ಉತ್ತರ

ಈ ಬಾರಿಯ ಅಂಚೆಯಲ್ಲಿ ತೆಂಗನ್ನು ಕುರಿತೇ ಐದು ಪತ್ರಗಳು ಬಂದಿವೆ. ನಾಲ್ಕು ಪತ್ರಗಳಲ್ಲಿ ಪ್ರಶ್ನೆಯ ಸಸಿ ಇರುವುದು, ಅಥವಾ ಬೆಳೆಯಬೇಕಾಗಿರುವುದು, ನಮ್ಮ ಮಕ್ಕಳೋ ಒಡಹುಟ್ಟಿದವರೋ ಹೋಗಿ ನೆಲೆಸಿರುವ ಚಳಿಯ ದೇಶಗಳಲ್ಲಿ. ಒಂದು ಮಾತ್ರ ನಮ್ಮ ಯಲಹಂಕದ್ದು. ಎಲ್ಲದರ ತಿರುಳೂ ಒಂದೇ ಆಗಿರುವುದರಿಂದ ಅವನ್ನು ಒಟ್ಟಿಗೇ ಪ್ರಕಟಿಸಿ ಉತ್ತರಿಸುತ್ತಿದ್ದೇನೆ.

ಪ್ರಶ್ನೆ: ನನ್ನ ಮಗಳು ಸ್ಕಾಟ್ಲೆಂಡಿನ ಎಡಿನ್‌ಬರೋ ನಗರದಲ್ಲಿದ್ದಾಳೆ. ವರಮಹಾಲಕ್ಷ್ಮಿ ಹಬ್ಬಕ್ಕೆ ಅಲ್ಲಿಯ ಭಾರತೀಯ ಅಂಗಡಿಯಿಂದ ಜುಟ್ಟಿರುವ ತೆಂಗಿನಕಾಯಿ ತಂದು ಕಲಶಕ್ಕೆ ಇಟ್ಟಿದ್ದಳು. ಹಬ್ಬ ಮುಗಿದ ಮೇಲೆ ಒಡೆಯಲು ಮನಸ್ಸಾಗದೆ, ಒದ್ದೆ ಬಟ್ಟೆಯಲ್ಲಿ ಸುತ್ತಿ, ಬಿಸಿನೀರಿನ ಬಾಯ್ಲರ್ ಇರುವ ಕಪಾಟಿನಲ್ಲಿ ಇಟ್ಟು ಮರೆತಿದ್ದಳಂತೆ. ನವೆಂಬರಿನಲ್ಲಿ ತೆಗೆದು ನೋಡಿದರೆ ಜುಟ್ಟಿನ ನಡುವಿನಿಂದ ಹೆಬ್ಬೆರಳಷ್ಟು ಬಿಳಿಯ ಮೊಳಕೆ ಬಂದಿದೆ. ನಮ್ಮಲ್ಲಿ ಕಲಶದ ಕಾಯಿ ಮೊಳೆತರೆ ಶುಭವೆಂದು ಹಿತ್ತಲಿನಲ್ಲಿ ನೆಡುವುದು ವಾಡಿಕೆ. ಅಲ್ಲಿ ಅವಳು ಅದನ್ನು ಬೆಳೆಸಬಹುದೇ? ಮುಂದೆ ಕಾಯಿ ಬಿಟ್ಟೀತೇ?
(ಓದುಗರು, ಬಸವನಗುಡಿ)

ಉತ್ತರ: ಬೆಳೆಸಬಹುದು, ಕೆಲವು ವರ್ಷ ಚೆನ್ನಾಗಿಯೇ ಬೆಳೆಸಬಹುದು. ಆದರೆ ಕಾಯಿಯ ಆಸೆಯನ್ನು ಈಗಲೇ ಬಿಟ್ಟುಬಿಡಿ. ಎತ್ತರದ ತಳಿಯ ತೆಂಗು ನಮ್ಮ ತಿಪಟೂರಿನ ಬಿಸಿಲಿನಲ್ಲಿಯೇ ಹೊಂಬಾಳೆ ಬಿಡಲು ಆರೇಳು ವರ್ಷ ತೆಗೆದುಕೊಳ್ಳುತ್ತದೆ, ಅದೂ ಬೇರು ನೆಲದಲ್ಲಿ ಹರಡಿ, ತಲೆಯ ಮೇಲೆ ದಿನವಿಡೀ ಬಿಸಿಲು ಬಿದ್ದರೆ. ಮನೆಯೊಳಗಿನ ಕುಂಡದಲ್ಲಿ ಆ ಹಂತಕ್ಕೆ ಅದು ಬರುವುದಿಲ್ಲ. ನಿಮ್ಮ ಮಗಳು ಸಾಕಬೇಕಾಗಿರುವುದು ಒಂದು ಸಸಿಯನ್ನೇ ಹೊರತು ಮರವನ್ನಲ್ಲ ಎಂಬುದನ್ನು ಮೊದಲೇ ತಿಳಿದುಕೊಂಡರೆ ಮುಂದಿನ ಆರೈಕೆ ನೆಮ್ಮದಿಯಿಂದ ನಡೆಯುತ್ತದೆ.

ಆ ಕಾಯಿ ಏಕೆ ಮೊಳೆಯಿತು ಎಂಬುದನ್ನು ನೋಡೋಣ, ಏಕೆಂದರೆ ಮುಂದೆ ಮಾಡಬೇಕಾದ್ದೆಲ್ಲ ಅದರಲ್ಲಿಯೇ ಅಡಗಿದೆ. ತೆಂಗಿನ ಬೀಜಕ್ಕೆ ನಿದ್ರಾವಸ್ಥೆ ಎಂಬುದಿಲ್ಲ. ಬಲಿತ ಕಾಯಿಗೆ ತೇವವೂ ಬಿಸಿಯೂ ಬಿಡದೆ ಸಿಕ್ಕಿದರೆ ಅದು ತಾನಾಗಿ ಮೊಳೆಯಲು ತೊಡಗುತ್ತದೆ. ಕಾಯಿಯ ಮೂರು ಕಣ್ಣುಗಳಲ್ಲಿ ಎರಡು ಗಟ್ಟಿ, ಒಂದು ಮೆದು. ಭ್ರೂಣ ಇರುವುದು ಆ ಮೆದು ಕಣ್ಣಿನ ಅಡಿಯಲ್ಲಿ, ಕಡಲೆಬೀಜಕ್ಕಿಂತ ದೊಡ್ಡದಲ್ಲ. ಮಗಳ ಮನೆಯ ಬಾಯ್ಲರ್ ಕಪಾಟು ಕಾಸರಗೋಡಿನ ನೆಲದಷ್ಟೇ ಬೆಚ್ಚಗಿತ್ತು, ಒದ್ದೆ ಬಟ್ಟೆ ತೇವ ಕೊಟ್ಟಿತು, ಜುಟ್ಟಿನ ನಾರು ಕಣ್ಣನ್ನು ಒಣಗದಂತೆ ಕಾಯಿತು. ಪೂಜೆಯ ಕಾಯಿಗೆ ಜುಟ್ಟು ಬಿಡುವ ನಮ್ಮ ಪದ್ಧತಿ ಬೀಜದ ದೃಷ್ಟಿಯಿಂದಲೂ ಒಳ್ಳೆಯದು. ಜುಟ್ಟು ಕಿತ್ತ ಕಾಯಿಯ ಕಣ್ಣು ಗಾಳಿಗೆ ತೆರೆದುಕೊಂಡು ಒಣಗುತ್ತದೆ, ಇಲ್ಲವೇ ಬೂಷ್ಟು ಹಿಡಿಯುತ್ತದೆ.

ಮೊಳಕೆ ಹೊರಗೆ ಬರುವಾಗ ಒಳಗೆ ಇನ್ನೊಂದು ಕೆಲಸ ನಡೆದಿರುತ್ತದೆ. ಹಳ್ಳಿಯಲ್ಲಿ ಬೆಳೆದವರು ಮೊಳೆತ ಕಾಯಿ ಒಡೆದು ಒಳಗಿನ ಬಿಳಿಯ ಉಂಡೆಯನ್ನು ತಿಂದಿರುತ್ತಾರೆ. ಸ್ಪಂಜಿನಂತೆ ಹಗುರ, ಸ್ವಲ್ಪ ಸಿಹಿ, ಹಲ್ಲಿಗೆ ಸಿಕ್ಕರೆ ಕರಕರ ಎನ್ನುತ್ತದೆ. ಭ್ರೂಣದ ಒಳತುದಿಯೇ ಊದಿ ಹಾಗೆ ಉಂಡೆಯಾಗುವುದು. ಮೊದಲು ಅದು ಕಾಯಿಯೊಳಗಿನ ನೀರನ್ನು ಹೀರಿ ಹೊಟ್ಟೆ ತುಂಬ ಬೆಳೆಯುತ್ತದೆ, ಆಮೇಲೆ ಕರಟಕ್ಕೆ ಅಂಟಿದ ತಿರುಳನ್ನು ಕರಗಿಸಿ ಸಸಿಗೆ ಉಣಿಸುತ್ತದೆ. ಈ ಊಟ ಒಂದು ವರ್ಷದವರೆಗೆ, ಕೆಲವೊಮ್ಮೆ ಇನ್ನೂ ಕೆಲವು ತಿಂಗಳು ಸಾಗುತ್ತದೆ. ಚಳಿ ದೇಶದಲ್ಲಿ ತೆಂಗು ಬೆಳೆಸಹೊರಟವರು ಮೋಸ ಹೋಗುವುದು ಇಲ್ಲಿಯೇ. ಮೊದಲ ವರ್ಷ ಎಂತಹ ಕತ್ತಲೆ ಕೋಣೆಯಲ್ಲಿಟ್ಟರೂ ಸಸಿ ಹಸಿರಾಗಿ ನಾಲ್ಕಾರು ಎಲೆ ಬಿಡುತ್ತದೆ, ಏಕೆಂದರೆ ಅದು ಉಣ್ಣುತ್ತಿರುವುದು ತಾಯಿ ಕಟ್ಟಿಕೊಟ್ಟ ಬುತ್ತಿ. ಬುತ್ತಿ ಮುಗಿದ ದಿನ ಬೇರು ಮತ್ತು ಎಲೆ ತಮ್ಮ ದುಡಿಮೆಯಲ್ಲಿ ಬದುಕಬೇಕಾಗುತ್ತದೆ. ಆದ್ದರಿಂದ ಮೊದಲ ವರ್ಷದ ಹಸಿರನ್ನು ನೋಡಿ ಸಮಾಧಾನಪಡದೆ, ಆ ವರ್ಷದಲ್ಲಿಯೇ ಬೇರಿಗೆ ಬಿಸಿ, ಎಲೆಗೆ ಬೆಳಕು ಎರಡನ್ನೂ ಕಟ್ಟಿಕೊಡುವಂತೆ ಮಗಳಿಗೆ ತಿಳಿಸಿ.

ಈಗ ಕುಂಡದ ವಿಷಯ. ತಳದಲ್ಲಿ ತೂತುಗಳಿರುವ, ಅಗಲಕ್ಕಿಂತ ಆಳ ಹೆಚ್ಚಿರುವ, ಒಂದಡಿ ಬಾಯಿಯ ಕುಂಡ ಮೊದಲ ಒಂದೂವರೆ ವರ್ಷಕ್ಕೆ ಸಾಕು. ಅರ್ಧದಷ್ಟು ದಪ್ಪ ಮರಳು, ಉಳಿದರ್ಧ ನಾರಿನ ಪುಡಿ ಮತ್ತು ಕಾಂಪೋಸ್ಟ್ ಬೆರೆಸಿದರೆ ನೀರು ನಿಲ್ಲುವುದಿಲ್ಲ. ಕಾಯಿಯನ್ನು ಅಡ್ಡಲಾಗಿ, ಕಣ್ಣಿನ ಕಡೆ ತುಸು ಮೇಲಾಗಿ ಮಲಗಿಸಿ ಅರ್ಧ ಭಾಗ ಮಣ್ಣಿನಲ್ಲಿರುವಂತೆ ಕೂರಿಸಬೇಕು. ಮೊಳಕೆಯ ಬುಡದಿಂದಲೇ ಬೇರು ಒಡೆಯುವುದರಿಂದ ಬುಡ ಮಣ್ಣಿಗೆ ತಾಗಿರಬೇಕು. ಆದರೆ ಮೊಳಕೆಯನ್ನು ಹೂಳಬಾರದು. ಜುಟ್ಟನ್ನು ಕೀಳಬಾರದು. ನಮ್ಮ ಒಟ್ಟುಪಾತಿಯ ಬೀಜದ ಕಾಯಿಗೆ ಸುತ್ತ ಸಿಪ್ಪೆ ಇರುತ್ತದೆ, ಬೇರು ಮೊದಲು ಆ ನಾರಿನಲ್ಲಿ ಹರಡಿ ತೇವ ಹೀರುತ್ತದೆ. ಮಗಳ ಕಾಯಿಗೆ ಆ ಸೌಕರ್ಯವಿಲ್ಲ, ಬರಿಯ ಕರಟ. ಹೀಟರಿನ ಒಣಗಾಳಿಗೆ ಕರಟ ಬಿರುಕು ಬಿಟ್ಟರೆ ಒಳಗಿನ ತಿರುಳಿಗೆ ಬೂಷ್ಟು ಹತ್ತಿ ಎಲ್ಲವೂ ಹಾಳಾಗುತ್ತದೆ. ಆದ್ದರಿಂದ ಮಣ್ಣಿನಿಂದ ಮೇಲಿರುವ ಅರ್ಧಕ್ಕೆ ತೇವದ ನಾರನ್ನು ದಪ್ಪವಾಗಿ ಹೊದಿಸಿಡಲಿ.

ಬಿಸಿಯ ಬಗ್ಗೆ ಇನ್ನಷ್ಟು ಹೇಳಬೇಕು. ತೆಂಗಿಗೆ ಮೆಚ್ಚುಗೆಯಾದ ಸರಾಸರಿ ಉಷ್ಣತೆ 27 ಡಿಗ್ರಿ ಸೆಲ್ಸಿಯಸ್. 20ಕ್ಕಿಂತ ಕೆಳಗಿಳಿದಂತೆ ಬೆಳವಣಿಗೆ ನಿಧಾನವಾಗುತ್ತದೆ, 15ರ ಸುಮಾರಿಗೆ ನಿಂತೇ ಹೋಗುತ್ತದೆ, 10ರ ಕೆಳಗಿನ ರಾತ್ರಿಗಳು ಒಂದರ ಹಿಂದೊಂದು ಬಂದರೆ ಎಲೆಗಳು ಬಣ್ಣಗೆಟ್ಟು ಸುಳಿಗೆ ಪೆಟ್ಟಾಗುತ್ತದೆ. ಹಿಮ ಬಿದ್ದರೆ ಮುಗಿಯಿತು. ಮಾವಿನ ಗಿಡದ ತುದಿ ಸುಟ್ಟರೆ ಪಕ್ಕದಿಂದ ಚಿಗುರೀತು. ತೆಂಗಿಗೆ ಇರುವುದು ಒಂದೇ ಸುಳಿ, ಅದು ಹೋದರೆ ಇಡೀ ಗಿಡ ಹೋದಂತೆ. ಎಡಿನ್‌ಬರೋದ ಮನೆಗಳಲ್ಲಿ ಹಗಲು 20 ಡಿಗ್ರಿ ಇರಬಹುದು, ಆದರೆ ರಾತ್ರಿ ಹೀಟರ್ ಆರಿಸಿದ ಮೇಲೆ ಕಿಟಕಿಯ ಕಟ್ಟೆಯ ಮೇಲಿನ ಕುಂಡದ ಮಣ್ಣು ಎಷ್ಟು ತಣ್ಣಗಾಗಿರುತ್ತದೆ ಎಂಬುದನ್ನು ಯಾರೂ ಬೆರಳಿಟ್ಟು ನೋಡುವುದಿಲ್ಲ. ಕೋಣೆಯ ಗಾಳಿಯ ಉಷ್ಣತೆಗಿಂತ ಆ ಮಣ್ಣಿನ ಉಷ್ಣತೆ ನನಗೆ ಮುಖ್ಯ. ಬೇರು ತಣ್ಣಗಾದರೆ ನೀರು ಹೀರುವುದನ್ನು ನಿಲ್ಲಿಸುತ್ತದೆ. ನೀರು ಹೀರದ ಬೇರಿನ ಸುತ್ತ ಒದ್ದೆ ಮಣ್ಣು ನಿಂತರೆ ಕೊಳೆ ಆರಂಭವಾಗುತ್ತದೆ. ಲಂಡನ್ನಿನ ಕ್ಯೂ ಉದ್ಯಾನದಲ್ಲಿ 1848ರಲ್ಲಿ ಮುಗಿದ ತಾಳೆಗಳ ಗಾಜಿನ ಮನೆಯನ್ನು ಕಟ್ಟಿದವರು ಇದನ್ನು ಅರಿತಿದ್ದರು. ನೆಲಮಾಳಿಗೆಯಲ್ಲಿ ಬಾಯ್ಲರ್ ಇಟ್ಟು, ಬಿಸಿ ಕೆಳಗಿನಿಂದ, ನೆಲದ ಕಬ್ಬಿಣದ ಜಾಲರಿಯ ಮೂಲಕ ಏಳುವಂತೆ ಮಾಡಿದ್ದರು. ನಮ್ಮ ಲಾಲ್‌ಬಾಗಿನ ಗಾಜಿನ ಮನೆಗೆ 1889ರಲ್ಲಿ ಅಡಿಗಲ್ಲು ಬಿದ್ದಾಗ ಅಂತಹ ಬಾಯ್ಲರಿನ ಅಗತ್ಯ ಯಾರಿಗೂ ಕಂಡಿರಲಾರದು!

ಮಗಳಿಗೆ ಬಾಯ್ಲರ್ ಬೇಡ. ಬೀಜ ಮೊಳೆಸಲು ಕುಂಡದ ಅಡಿಗೆ ಹಾಸುವ ವಿದ್ಯುತ್ ಚಾಪೆಗಳು ಅಲ್ಲಿಯ ತೋಟಗಾರಿಕೆ ಅಂಗಡಿಗಳಲ್ಲಿ ಸಿಗುತ್ತವೆ. ಥರ್ಮೋಸ್ಟಾಟ್ ಇರುವುದನ್ನೇ ಕೊಂಡು ಮಣ್ಣಿನ ಉಷ್ಣತೆ 28 ಡಿಗ್ರಿಯ ಆಸುಪಾಸಿನಲ್ಲಿ ನಿಲ್ಲುವಂತೆ ಅಕ್ಟೋಬರಿನಿಂದ ಏಪ್ರಿಲ್‌ವರೆಗೆ ಇಡಲಿ. ನಲ್ಲಿಯ ತಣ್ಣೀರನ್ನು ನೇರವಾಗಿ ಹಾಕಬಾರದು. ಮಗುವಿಗೆ ಸ್ನಾನ ಮಾಡಿಸುವ ಮೊದಲು ಮೊಣಕೈ ಅದ್ದಿ ನೋಡುತ್ತೇವಲ್ಲ, ಹಾಗೆ ನೋಡಿ ಉಗುರುಬೆಚ್ಚಗಿನ ನೀರು ಹಾಕಲಿ. ಮೇಲ್ಮಣ್ಣು ಒಂದು ಅಂಗುಲ ಒಣಗಿದ ಮೇಲೆ ತಳದಿಂದ ಹರಿಯುವಷ್ಟು ಹಾಕಿ, ತಟ್ಟೆಯಲ್ಲಿ ನಿಂತ ನೀರನ್ನು ಚೆಲ್ಲಬೇಕು. ಸುಳಿಯ ಒಳಗೆ ನೀರು ನಿಲ್ಲಿಸಬಾರದು. ನಮ್ಮ ಮಲೆನಾಡಿನ ಮಳೆಗಾಲದಲ್ಲಿ ತೆಂಗಿಗೆ ಬರುವ ಸುಳಿಕೊಳೆ ರೋಗ ತಂಪು ಮತ್ತು ತೇವ ಕೂಡಿದಾಗಲೇ ಬರುವುದು.

ಬೆಳಕು ಬಿಸಿಗಿಂತಲೂ ಕಷ್ಟದ್ದು. ಡಿಸೆಂಬರ್ ಕೊನೆಯಲ್ಲಿ ಬೆಂಗಳೂರಿನ ಹಗಲು ಹನ್ನೊಂದು ಗಂಟೆ ಇಪ್ಪತ್ತು ನಿಮಿಷದಷ್ಟು ಉದ್ದ, ನಡುಹಗಲಿಗೆ ಸೂರ್ಯ ದಿಗಂತದಿಂದ 53 ಡಿಗ್ರಿಗೂ ಮೇಲೇರುತ್ತಾನೆ. ಅದೇ ದಿನ ಎಡಿನ್‌ಬರೋದಲ್ಲಿ ಹಗಲು ಏಳು ಗಂಟೆಯೂ ಇಲ್ಲ, ಸೂರ್ಯ ಏರುವುದು ಹತ್ತು ಹನ್ನೊಂದು ಡಿಗ್ರಿ ಮಾತ್ರ, ಅದೂ ಮೋಡವಿಲ್ಲದಿದ್ದರೆ ಕಾಣುವುದು. ದಕ್ಷಿಣದ ಕಿಟಕಿಯೊಂದೇ ಸಾಲದು. ಗಿಡಗಳಿಗೆಂದು ಮಾಡಿದ ಎಲ್‌ಇಡಿ ದೀಪವನ್ನು ಎಲೆಗಳಿಂದ ಒಂದೆರಡು ಅಡಿ ಮೇಲೆ ತೂಗುಹಾಕಿ ದಿನಕ್ಕೆ ಹನ್ನೆರಡು ಗಂಟೆ ಉರಿಸಬೇಕು. ಬೇಸಿಗೆಯಲ್ಲಿ ರಾತ್ರಿಯೂ 15 ಡಿಗ್ರಿ ದಾಟುವ ವಾರಗಳಲ್ಲಿ ಮಾತ್ರ ಹೊರಗೆ ಇಡಬಹುದು. ಆಗಲೂ ಮೊದಲ ವಾರ ನೆರಳಿನಲ್ಲಿಟ್ಟು ಆಮೇಲೆ ಬಿಸಿಲಿಗೆ ಸರಿಸಲಿ, ಇಲ್ಲವಾದರೆ ಮನೆಯೊಳಗೆ ಬೆಳೆದ ಎಲೆ ಸುಟ್ಟು ಹೋಗುತ್ತದೆ.

ಗೊಬ್ಬರಕ್ಕೆ ಆತುರವಿಲ್ಲ. ಐದಾರು ತಿಂಗಳ ನಂತರ, ಬೆಳಕು ಹೆಚ್ಚುವ ತಿಂಗಳುಗಳಲ್ಲಿ ಮಾತ್ರ, ಪೊಟ್ಯಾಷ್ ಹೆಚ್ಚಿರುವ ದ್ರವಗೊಬ್ಬರವನ್ನು ತೆಳುವಾಗಿ ಕೊಡಲಿ. ನಮ್ಮಲ್ಲಿ ಫಲ ಕೊಡುವ ಮರಕ್ಕೆ ವರ್ಷಕ್ಕೆ ಅರ್ಧ ಕಿಲೋ ಸಾರಜನಕ ಹೇಳಿದರೆ ಪೊಟ್ಯಾಷ್ ಒಂದು ಕಿಲೋ ಇನ್ನೂರು ಗ್ರಾಂ ಹೇಳುತ್ತಾರೆ. ಗಿಡದ ನಾಲಿಗೆ ಯಾವುದನ್ನು ಬಯಸುತ್ತದೆ ಎಂಬುದಕ್ಕೆ ಅದೇ ಸಾಕ್ಷಿ.

ಮೊದಲ ಎಲೆಗಳು ಸೀಳದೆ ಅಖಂಡವಾಗಿ, ಬಾಳೆ ಸಸಿಯ ಎಲೆಯಂತೆ ಕಾಣುತ್ತವೆ. ಗರಿಯಾಗಿ ಬಿಚ್ಚಿಕೊಳ್ಳುವುದು ಬಹಳ ತಡವಾಗಿ. ಅದನ್ನು ನೋಡಿ ಮಗಳು ಇದು ತೆಂಗೇ ಅಲ್ಲವೇನೋ ಎಂದು ಫೋನ್ ಮಾಡಿದರೆ ಧೈರ್ಯ ಹೇಳಿ.

ಪ್ರಶ್ನೆ: ಊರಿನಿಂದ ತಂದ ಹತ್ತು ಕಾಯಿಗಳನ್ನು ಡಿಸೆಂಬರ್ ಮೊದಲ ವಾರ ಮನೆಯ ಹಿಂದೆ ಮರಳಿನಲ್ಲಿ ಹೂತಿದ್ದೇನೆ. ಎರಡು ತಿಂಗಳಾದರೂ ಒಂದೂ ಮೊಳೆತಿಲ್ಲ. ಬೆಂಗಳೂರಿನ ಚಳಿ ಇದಕ್ಕೆ ಕಾರಣವೇ?
(ಓದುಗರು, ಯಲಹಂಕ)

ಉತ್ತರ: ಚಳಿಯೂ ಕಾರಣ, ನಿಮ್ಮ ಆತುರವೂ ಕಾರಣ. ಒಳ್ಳೆಯ ಹವೆಯಲ್ಲಿಯೇ ಬೀಜದ ಕಾಯಿ ಮೊಳೆಯಲು ಮೂರರಿಂದ ಐದು ತಿಂಗಳು ಬೇಕು. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಎತ್ತರದಲ್ಲಿದೆ. ಡಿಸೆಂಬರ್, ಜನವರಿಯ ರಾತ್ರಿಗಳಲ್ಲಿ ಉಷ್ಣತೆ 15, 16 ಡಿಗ್ರಿಗೆ ಇಳಿಯುತ್ತದೆ. ನಗರದ ದಾಖಲೆಯ ಚಳಿ 1884ರ ಜನವರಿ 13ರಂದು ಬಿದ್ದ 7.8 ಡಿಗ್ರಿ. ಇಲ್ಲಿ ಹಿಮ ಬೀಳದ ಕಾರಣ ಹಳೆಯ ಬಡಾವಣೆಗಳ ಕಾಂಪೌಂಡುಗಳಲ್ಲಿ ತೆಂಗು ತಲೆಯೆತ್ತಿ ನಿಂತಿದೆ, ಉದಕಮಂಡಲದಲ್ಲಿ ನಿಂತಿಲ್ಲ. ಆದರೂ ಬೀಜ ಮೊಳೆಸಲು ಇಲ್ಲಿಯ ಚಳಿಗಾಲ ಸರಿಯಾದ ಕಾಲವಲ್ಲ. ನಾನೂ ಒಮ್ಮೆ ನವೆಂಬರಿನಲ್ಲಿ ಹೂತ ಕಾಯಿಗಳು ಮಾರ್ಚ್ ಕಳೆಯುವವರೆಗೆ ಅಲುಗಾಡದೆ ಮಲಗಿದ್ದವು. ಏಪ್ರಿಲ್ ಬಿಸಿಲು ಬಿದ್ದ ಮೇಲೆ ಹದಿನೈದು ದಿನಗಳಲ್ಲಿ ನಾಲ್ಕು ಒಟ್ಟಿಗೆ ಕಣ್ಣು ಬಿಟ್ಟವು.

ಈಗ ಅವನ್ನು ಕಿತ್ತು ನೋಡುವ ಕೆಲಸ ಮಾಡಬೇಡಿ. ಮೇಲೆ ಹುಲ್ಲು ಹೊದಿಸಿ, ಎರಡು ದಿನಕ್ಕೊಮ್ಮೆ ನೀರು ಕೊಟ್ಟು ಮೇ ತಿಂಗಳವರೆಗೆ ಕಾಯಿರಿ. ಅಷ್ಟರಲ್ಲಿ ಮೊಳೆಯದವನ್ನು ಬಿಟ್ಟುಬಿಡಿ, ತಡವಾಗಿ ಮೊಳೆತ ಸಸಿ ಮುಂದೆಯೂ ಸೊರಗಿಯೇ ಇರುತ್ತದೆ. ಮುಂದಿನ ಬಾರಿ ಇಪ್ಪತ್ತು ವರ್ಷ ದಾಟಿದ, ವರ್ಷಕ್ಕೆ ಎಂಬತ್ತಕ್ಕಿಂತ ಹೆಚ್ಚು ಕಾಯಿ ಕೊಡುವ ತಾಯಿಮರದಿಂದ ಹನ್ನೊಂದು, ಹನ್ನೆರಡು ತಿಂಗಳು ಬಲಿತ ಕಾಯಿಗಳನ್ನು ಬೇಸಿಗೆಯ ಮೊದಲಲ್ಲಿ ಇಳಿಸಿ, ಎತ್ತರದ ತಳಿಯಾದರೆ ಒಂದೆರಡು ತಿಂಗಳು ನೆರಳಿನಲ್ಲಿ ಒಟ್ಟಿ, ಮುಂಗಾರಿನ ಹೊತ್ತಿಗೆ ನೆಡಿ. ಕಿವಿಯ ಹತ್ತಿರ ಅಲುಗಾಡಿಸಿದರೆ ನೀರು ಕುಲುಕುವ ಸದ್ದು ಬರಬೇಕು. ಸದ್ದಿಲ್ಲದ ಕಾಯಿ ಅಡುಗೆಗೂ ಆಗದು, ಬೀಜಕ್ಕೂ ಆಗದು.

ಪ್ರಶ್ನೆ: ನೆದರ್ಲೆಂಡ್ಸಿನ ಐಂಡ್‌ಹೋವನ್ನಿನಲ್ಲಿರುವ ಮಗನ ಮನೆಗೆ ಏಪ್ರಿಲಿನಲ್ಲಿ ಹೋಗುತ್ತಿದ್ದೇವೆ. ನಮ್ಮ ತೋಟದ ಕಾಯಿಯನ್ನೇ ಒಯ್ದು ಅಲ್ಲಿ ಮೊಳೆಸಬೇಕೆಂಬ ಆಸೆ. ಕುಂಡಕ್ಕೆ ಗಿಡ್ಡ ತಳಿ ಒಳ್ಳೆಯದೇ? ಕಾಯಿಯನ್ನು ವಿಮಾನದಲ್ಲಿ ಒಯ್ಯಬಹುದೇ?
(ಓದುಗರು, ಮಲ್ಲೇಶ್ವರ)

ಉತ್ತರ: ಗಿಡ್ಡ ತಳಿ ಎಂದರೆ ಕುಂಡಕ್ಕೆ ಹೊಂದುವ ಪುಟ್ಟ ಗಿಡ ಎಂದು ಬಹಳ ಜನ ಎಣಿಸುತ್ತಾರೆ. ಗಿಡ್ಡವಾಗಿರುವುದು ಕಾಂಡ, ಅದೂ ವರ್ಷಗಳ ಮೇಲೆ ತಿಳಿಯುವ ಮಾತು. ಎಳೆಯ ಸಸಿಯಲ್ಲಿ ಎಲೆಗಳ ಉದ್ದದಲ್ಲಿ ಅಂತಹ ಅನುಕೂಲವೇನೂ ಸಿಗುವುದಿಲ್ಲ. ಅದಕ್ಕಿಂತ ಮುಖ್ಯವಾಗಿ, ಚೌಘಾಟ್ ಕಿತ್ತಳೆ ಗಿಡ್ಡದಂತಹ ತಳಿಗಳು ಎಳನೀರಿಗೆ ಹೆಸರಾಗಿದ್ದರೂ ಚಳಿ ಮತ್ತು ಒಣಹವೆಗೆ ಬೇಗ ಸೋಲುತ್ತವೆ. ಬಯಲುಸೀಮೆಯ ಒಣ ಬೇಸಿಗೆಯನ್ನೂ ತಂಪು ರಾತ್ರಿಯನ್ನೂ ಕಂಡು ಬಂದಿರುವ ತಿಪಟೂರು ಎತ್ತರದ ತಳಿಯೇ ನನ್ನ ಆಯ್ಕೆ. ಅದರ ಕಾಯಿಯ ತಿರುಳು ದಪ್ಪ. ಬುತ್ತಿ ಹೆಚ್ಚಿದ್ದಷ್ಟೂ ಕತ್ತಲೆಯ ಮೊದಲ ಚಳಿಗಾಲ ದಾಟುವುದು ಸುಲಭ.

ಒಯ್ಯುವ ವಿಚಾರಕ್ಕೆ ಬಂದರೆ, ಐರೋಪ್ಯ ಒಕ್ಕೂಟ 2019ರ ಡಿಸೆಂಬರ್ 14ರಿಂದ ಹೊರಗಿನಿಂದ ಬರುವ ಹಣ್ಣು ತರಕಾರಿಗಳಿಗೆ ಸಸ್ಯ ಆರೋಗ್ಯ ಪ್ರಮಾಣಪತ್ರವನ್ನು ಕಡ್ಡಾಯಗೊಳಿಸಿದಾಗ ಅನಾನಸ್, ತೆಂಗಿನಕಾಯಿ, ಡೂರಿಯನ್, ಬಾಳೆ, ಖರ್ಜೂರ ಎಂಬ ಐದಕ್ಕೆ ಮಾತ್ರ ವಿನಾಯಿತಿ ಕೊಟ್ಟಿತು. ಆ ವಿನಾಯಿತಿ ತಿನ್ನುವ ಕಾಯಿಗೆ. ನೆಡುವುದಕ್ಕೆಂದು ಒಯ್ಯುವ ಬೀಜ ಮತ್ತು ಮೊಳೆತ ಸಸಿಯ ನಿಯಮ ಬೇರೆಯೇ. ಮೊಳೆತದ್ದನ್ನು, ಮಣ್ಣು ಅಂಟಿದ್ದನ್ನು ಎಂದೂ ಒಯ್ಯಬೇಡಿ. ನಮ್ಮ ಮಣ್ಣಿನಲ್ಲಿರುವ ಹುಳುವೋ ರೋಗವೋ ಇನ್ನೊಂದು ದೇಶಕ್ಕೆ ನಮ್ಮ ಕೈಯಿಂದ ಹೋಗಬಾರದು. ತೆಂಗಿನ ಕಾಯಿಯ ಮೇಲೆ ಬಂದ ನುಸಿ 1990ರ ದಶಕದ ಕೊನೆಯಲ್ಲಿ ದಕ್ಷಿಣ ಭಾರತಕ್ಕೆ ಕಾಲಿಟ್ಟು ನಮ್ಮ ರೈತರನ್ನು ಎಷ್ಟು ಅಳಿಸಿತೆಂಬುದನ್ನು ಕಂಡವರು ಈ ಮಾತನ್ನು ಹಗುರವಾಗಿ ತೆಗೆದುಕೊಳ್ಳಲಾರರು. ನೆಡುವ ಉದ್ದೇಶವಿದ್ದರೆ ಬೆಂಗಳೂರಿನ ಸಸ್ಯ ಸಂಗರೋಧ (ಪ್ಲಾಂಟ್ ಕ್ವಾರಂಟೈನ್) ಕಚೇರಿಯಲ್ಲಿ ಮೊದಲೇ ವಿಚಾರಿಸಿ ಪ್ರಮಾಣಪತ್ರ ಪಡೆದು, ಇಳಿದ ಕಡೆ ಮುಚ್ಚಿಡದೆ ಘೋಷಿಸಿ. ಜೊತೆಗೆ ಒಣಕೊಬ್ಬರಿ ಒಯ್ಯುವ ಯೋಚನೆ ಇದ್ದರೆ ಬಿಟ್ಟುಬಿಡಿ. ಅದರ ಎಣ್ಣೆಯಿಂದ ಬೆಂಕಿ ಹೊತ್ತಬಹುದೆಂದು ವಿಮಾನ ನಿಲ್ದಾಣದಲ್ಲಿ ತಡೆಯುತ್ತಾರೆ.

ಇಷ್ಟೆಲ್ಲ ತೊಡಕು ಬೇಡವೆಂದರೆ ಅಲ್ಲಿಯ ಅಂಗಡಿಯ ಕಾಯಿಯಲ್ಲಿಯೇ ಪ್ರಯತ್ನಿಸಬಹುದು. ಆದರೆ ಸುಲಿದ ಕಾಯಿಗಳು ಕೆಡದಿರಲೆಂದು ಸಾಗಣೆಯಲ್ಲಿ ಸೊನ್ನೆ ಡಿಗ್ರಿಯ ಹತ್ತಿರದ ತಂಪಿನಲ್ಲಿ ಇಡುವುದುಂಟು. ತಿನ್ನಲು ಅವು ಚೆನ್ನಾಗಿಯೇ ಇರುತ್ತವೆ, ಒಳಗಿನ ಭ್ರೂಣ ಮಾತ್ರ ಸತ್ತಿರುತ್ತದೆ. ಹಾಗಾಗಿ ಜುಟ್ಟಿರುವ, ಕುಲುಕುವ ಆರು ಕಾಯಿ ತಂದು ಎರಡು ಮೂರು ದಿನ ಉಗುರುಬೆಚ್ಚಗಿನ ನೀರಿನಲ್ಲಿ ನೆನೆಸಿ, ಒಂದೊಂದನ್ನೂ ತೇವದ ನಾರಿನ ಪುಡಿಯ ಜೊತೆ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ 30 ಡಿಗ್ರಿಯ ಬೆಚ್ಚಗಿನ ಜಾಗದಲ್ಲಿಡಿ. ವಾರಕ್ಕೊಮ್ಮೆ ಬಿಚ್ಚಿ ಗಾಳಿಯಾಡಿಸಿ ಮೂಸಿ ನೋಡಿ. ಹುಳಿ ವಾಸನೆ ಬಂದದ್ದನ್ನು ಎಸೆಯಿರಿ. ಆರರಲ್ಲಿ ಒಂದು ಮೊಳೆತರೂ ಸಂತೋಷಪಡಿ.

ಪ್ರಶ್ನೆ: ಮೂಲತಃ ರಾಜಾಜಿನಗರದವಳಾದ ನಾನು ಈಗ ಟೊರಾಂಟೊದಲ್ಲಿದ್ದೇನೆ. ಹದಿನಾಲ್ಕು ತಿಂಗಳ ಹಿಂದೆ ಇಲ್ಲಿಯ ಅಂಗಡಿಯೊಂದರಲ್ಲಿ, ಅರ್ಧ ಕಾಯಿ ಮಣ್ಣಿನ ಮೇಲೆ ಕಾಣುವಂತೆ ನೆಟ್ಟಿದ್ದ ತೆಂಗಿನ ಸಸಿ ಕೊಂಡೆ. ವರ್ಷವಿಡೀ ಚೆನ್ನಾಗಿತ್ತು. ಈಗ ಕೆಳಗಿನ ಎಲೆಗಳ ತುದಿ ಕಂದಾಗಿ ಒಣಗುತ್ತಿದೆ, ಎಲೆಯ ಅಡಿಯಲ್ಲಿ ಸಣ್ಣ ಬಲೆಯಂತಿದೆ, ಕಾಯಿ ತಟ್ಟಿದರೆ ಟೊಳ್ಳು ಸದ್ದು ಬರುತ್ತದೆ. ಅಂಗಡಿಯವರು ಹೆಚ್ಚು ನೀರು ಹಾಕಿ ಎಂದರು. ಉಳಿಯುತ್ತದೆಯೇ?
(ಓದುಗರು, ಟೊರಾಂಟೊ)

ಉತ್ತರ: ಮೊದಲು ಆ ಸಲಹೆಯನ್ನು ಬಿಡಿ. ಹೆಚ್ಚು ನೀರು ಈ ಹೊತ್ತಿನಲ್ಲಿ ಗಿಡವನ್ನು ಕೊಲ್ಲುತ್ತದೆ. ನಿಮ್ಮ ಕಾಯಿಯ ಟೊಳ್ಳು ಸದ್ದು, ಮೊದಲ ಉತ್ತರದಲ್ಲಿ ಹೇಳಿದ ಬುತ್ತಿ ಮುಗಿದಿದೆ ಎಂಬುದರ ಗುರುತು. ಹೀಗೆ ಮಾರುವ ಸಸಿಗಳು ಬಿಸಿಯ ಗಾಜಿನ ಮನೆಯಲ್ಲಿ ಮೊಳೆತು ಬಂದಿರುತ್ತವೆ, ಮನೆಗೆ ಬಂದ ಮೇಲೆ ಒಂದು ವರ್ಷ ಕಾಯಿಯ ಬಲದಲ್ಲಿ ನಗುತ್ತಿರುತ್ತವೆ, ಆಮೇಲೆ ಹೀಗಾಗುತ್ತವೆ. ತಪ್ಪು ನಿಮ್ಮದೆಂದು ಕೊರಗಬೇಡಿ.

ಗಿಡ ಬದುಕಿದೆಯೇ ಎಂದು ತಿಳಿಯಲು ನಡುವಿನ ಬಿಚ್ಚದ ಸುಳಿಯನ್ನು ಎರಡು ಬೆರಳಿನಿಂದ ಹಿಡಿದು ಮೆಲ್ಲಗೆ ಎಳೆಯಿರಿ. ಗಟ್ಟಿಯಾಗಿ ಕೂತಿದ್ದರೆ ಆಸೆ ಇದೆ. ಹಾಗೆಯೇ ಕಿತ್ತು ಬಂದು, ಬುಡ ಕಂದಾಗಿ ಕೊಳೆತ ವಾಸನೆ ಬಂದರೆ ಇನ್ನೇನೂ ಮಾಡಲಾಗದು. ಸುಳಿ ಗಟ್ಟಿಯಾಗಿದ್ದರೆ ಕುಂಡದಿಂದ ಎತ್ತಿ ಬೇರು ನೋಡಿ. ಆರೋಗ್ಯದ ಬೇರು ಹಗ್ಗದಂತೆ ಬಿಗಿಯಾಗಿರುತ್ತದೆ, ಕೊಳೆತದ್ದು ಹಿಂಡಿದರೆ ಸಿಪ್ಪೆ ಜಾರಿ ಒಳಗಿನ ಎಳೆ ಮಾತ್ರ ಕೈಯಲ್ಲಿ ಉಳಿಯುತ್ತದೆ. ಕೊಳೆತದ್ದನ್ನು ಕತ್ತರಿಸಿ, ಮರಳು ಹೆಚ್ಚಿರುವ ಹೊಸ ಮಣ್ಣಿಗೆ ಬದಲಿಸಿ, ಅಡಿಗೆ ಬಿಸಿ ಚಾಪೆ ಹಾಸಿ. ಕಾಯಿ ಟೊಳ್ಳಾಗಿದ್ದರೂ ಅದನ್ನು ಕಿತ್ತು ತೆಗೆಯಬೇಡಿ, ಬುಡಕ್ಕೆ ಗಾಯವಾಗುತ್ತದೆ, ತಾನಾಗಿ ಕಳಚಲಿ.

ಎಲೆಯಡಿಯ ಬಲೆ ಜೇಡನುಸಿಯದು. ಹೀಟರಿನ ಒಣಗಾಳಿ ಅದಕ್ಕೆ ಹಬ್ಬ. ಬಚ್ಚಲಿನಲ್ಲಿ ಕುಂಡವನ್ನು ಓರೆಯಾಗಿಸಿ, ಪ್ರತಿ ಎಲೆಯ ಅಡಿಭಾಗವನ್ನೂ ಉಗುರುಬೆಚ್ಚಗಿನ ಸಾಬೂನು ನೀರಿನಲ್ಲಿ ಮೆತ್ತನೆಯ ಬಟ್ಟೆ ಅದ್ದಿ ಒರೆಸಿ ತೊಳೆಯಿರಿ. ಮೊಟ್ಟೆಗಳು ಮತ್ತೆ ಒಡೆಯುವುದರಿಂದ ನಾಲ್ಕೈದು ದಿನಕ್ಕೊಮ್ಮೆ ಮೂರು ನಾಲ್ಕು ಬಾರಿ ಮಾಡಬೇಕು. ಕುಂಡದ ಕೆಳಗೆ ಬೆಣಚುಕಲ್ಲು ತುಂಬಿದ ತಟ್ಟೆಯಲ್ಲಿ ನೀರಿಟ್ಟರೆ ಸುತ್ತಲಿನ ಗಾಳಿ ತುಸು ತೇವವಾಗಿರುತ್ತದೆ, ನೀರು ಕುಂಡದ ತಳಕ್ಕೆ ಮುಟ್ಟದಿರಲಿ. ಅರ್ಧ ಒಣಗಿದ ಎಲೆಯನ್ನು ಚೆಂದಕ್ಕಾಗಿ ಕತ್ತರಿಸಬೇಡಿ. ಹಳೆಯ ಎಲೆಯಲ್ಲಿರುವ ಪೊಟ್ಯಾಷನ್ನು ಗಿಡ ಹೊಸ ಸುಳಿಗೆ ಎಳೆದುಕೊಳ್ಳುತ್ತಿರುತ್ತದೆ. ಪೂರ್ತಿ ಒಣಗಿದ ಮೇಲೆ ತೆಗೆದರಾಯಿತು. ದೀಪದ ವ್ಯವಸ್ಥೆ ಇಲ್ಲದಿದ್ದರೆ ಇಂದೇ ಮಾಡಿಕೊಳ್ಳಿ.

ಪ್ರಶ್ನೆ: ಇಂಗ್ಲೆಂಡಿನ ದಕ್ಷಿಣ ತೀರದಲ್ಲಿರುವ ನನ್ನ ತಮ್ಮನಿಗೆ ಮನೆಯ ಮುಂದಿನ ನೆಲದಲ್ಲಿಯೇ ತೆಂಗು ನೆಡುವ ಹಂಬಲ. ಕಷ್ಟವೆಂದು ಬಲ್ಲೆ. ತೆಂಗನ್ನು ಹೋಲುವ, ಬೀಜದಿಂದ ಬೆಳೆಸಬಹುದಾದ ಬೇರೆ ಮರವುಂಟೇ?
(ಓದುಗರು, ಜಯನಗರ)

ಉತ್ತರ: ತೆಂಗು ಅಲ್ಲಿಯ ನೆಲದಲ್ಲಿ ಒಂದು ಚಳಿಗಾಲವನ್ನೂ ದಾಟುವುದಿಲ್ಲ. ಆದರೆ ತೆಂಗಿನ ಬಂಧುಬಳಗ ದೊಡ್ಡದು, ಅದರಲ್ಲಿ ಚಳಿಗೆ ಅಂಜದವರೂ ಇದ್ದಾರೆ. ದಕ್ಷಿಣ ಅಮೆರಿಕದ ಆಂಡೀಸ್ ಬೆಟ್ಟಗಳಲ್ಲಿ ಬೆಳೆಯುವ ಪ್ಯಾರಾಜುಬಿಯ ಎಂಬ ಕುಲದ ಮರವನ್ನು ಈಕ್ವೆಡಾರಿನ ರಾಜಧಾನಿ ಕೀಟೊದಲ್ಲಿ, 2,850 ಮೀಟರ್ ಎತ್ತರದಲ್ಲಿ, ಬೀದಿಗಳಲ್ಲಿಯೂ ಉದ್ಯಾನಗಳಲ್ಲಿಯೂ ನೆಟ್ಟಿದ್ದಾರೆ. ದೂರದಿಂದ ನೋಡಿದರೆ ತೆಂಗೇ. ಮಡಗಾಸ್ಕರದ ಎತ್ತರದ ಪ್ರಸ್ಥಭೂಮಿಯ ಬೆಕ್ಕಾರಿಯೋಫೀನಿಕ್ಸ್ ಆಲ್ಫ್ರೆಡೈ ಇನ್ನೂ ಹೆಚ್ಚು ಹೋಲುತ್ತದೆ, ಗರಿಯ ಬಾಗು ಕೂಡ ಹಾಗೆಯೇ. ಇವೆರಡೂ ಅಲ್ಪಸ್ವಲ್ಪ ಹಿಮವನ್ನು ತಾಳಿದರೂ ಇಂಗ್ಲೆಂಡಿನ ಒದ್ದೆ ಚಳಿಯಲ್ಲಿ ನಂಬಿಕೆಗೆ ಅರ್ಹವಲ್ಲ. ಸ್ವಿಟ್ಜರ್ಲೆಂಡಿನ ಲುಗಾನೊ ಸುತ್ತಲಿನ ಕಾಡುಗಳಲ್ಲಿ ತಾನೇ ಬಿತ್ತಿಕೊಂಡು ಬೆಳೆಯುತ್ತಿರುವ ಚೀನಾ ಮೂಲದ ಟ್ರಾಕಿಕಾರ್ಪಸ್ ಎಲ್ಲಿ ಬೇಕಾದರೂ ಬದುಕೀತು, ಆದರೆ ಅದರ ಎಲೆ ಬೀಸಣಿಗೆಯಂತೆ. ತೆಂಗಿನ ಗರಿಯನ್ನು ನೋಡಿ ಬೆಳೆದ ಕಣ್ಣಿಗೆ ಅದರಿಂದ ತೃಪ್ತಿಯಾಗದು.

ನಾನು ಸೂಚಿಸುವುದು ಚಿಲಿ ದೇಶದ ಜುಬಿಯ ಮರವನ್ನು. ಗರಿ ತೆಂಗಿನಂತೆ, ಕಾಂಡ ಮಾತ್ರ ಆನೆಯ ಕಾಲಿನಂತೆ ದಪ್ಪ. ಮೈನಸ್ ಹತ್ತು ಡಿಗ್ರಿಯವರೆಗಿನ ಚಳಿಯನ್ನು ಬೆಳೆದ ಮರ ತಾಳುತ್ತದೆ. ಕ್ಯೂ ಉದ್ಯಾನದಲ್ಲಿ ಬೀಜದಿಂದ ಬೆಳೆಸಿದ ಜುಬಿಯ ಒಂದೂವರೆ ಶತಮಾನಕ್ಕೂ ಹೆಚ್ಚು ಕಾಲ ಬಾಳಿ, ಗಾಜಿನ ಮನೆಯ ಚಾವಣಿಯನ್ನು ಮುಟ್ಟಿ, ಒಳಾಂಗಣದಲ್ಲಿ ಬೆಳೆದ ಅತಿ ಎತ್ತರದ ಸಸ್ಯಗಳಲ್ಲಿ ಒಂದೆಂದು ಹೆಸರಾಗಿತ್ತು. ಅದರ ಬೀಜ ಅಡಿಕೆಗಿಂತ ತುಸು ದೊಡ್ಡದು. ಗಟ್ಟಿ ಚಿಪ್ಪು, ಚಿಪ್ಪಿನ ಮೇಲೆ ತೆಂಗಿನಂತೆಯೇ ಮೂರು ಕಣ್ಣು, ಒಡೆದರೆ ಒಳಗೆ ತಿನ್ನಬಹುದಾದ ಬಿಳಿಯ ತಿರುಳು. ಚಿಲಿಯಲ್ಲಿ ಅದನ್ನು ಕೊಕಿಟೊ, ಎಂದರೆ ಪುಟ್ಟ ತೆಂಗಿನಕಾಯಿ ಎಂದೇ ಕರೆಯುತ್ತಾರೆ.

ತಮ್ಮನಿಗೆ ಹತ್ತು ಹನ್ನೆರಡು ಬೀಜ ತರಿಸಿಕೊಳ್ಳಲು ಹೇಳಿ. ವಾರವೊಂದು ನೀರಿನಲ್ಲಿ ನೆನೆಸಿ, ತೇವದ ಮರಳಿನಲ್ಲಿ ಹೂತು, ಮನೆಯೊಳಗೆ ಬೆಚ್ಚಗಿಡಲಿ. ಆರು ತಿಂಗಳಲ್ಲಿಯೂ ಮೊಳೆಯಬಹುದು, ಒಂದೂವರೆ ವರ್ಷವೂ ಆಗಬಹುದು, ಆದ್ದರಿಂದ ಮರಳನ್ನು ಚೆಲ್ಲಿಬಿಡದಿರಲಿ. ಮೊದಲ ಮೂರು ನಾಲ್ಕು ಚಳಿಗಾಲ ಕುಂಡದಲ್ಲಿಯೇ ಉಳಿಸಿ, ಆಮೇಲೆ ಒಂದು ಏಪ್ರಿಲಿನಲ್ಲಿ, ದಕ್ಷಿಣಕ್ಕೆ ಮುಖ ಮಾಡಿದ ಗೋಡೆಯಿಂದ ಐದಾರು ಅಡಿ ದೂರದಲ್ಲಿ, ನೀರು ನಿಲ್ಲದ ಎತ್ತರದ ಜಾಗ ನೋಡಿ ನೆಡಲಿ. ಕಾಂಡ ಕಟ್ಟಲು ಹತ್ತಿಪ್ಪತ್ತು ವರ್ಷ ಹಿಡಿಯುತ್ತದೆ. ಅಲ್ಲಿಯವರೆಗೂ ನೆಲದಿಂದಲೇ ಎದ್ದ ಗರಿಗಳ ಗುಚ್ಛದಂತೆ ಇರುವುದು ಆ ಮರದ ಸ್ವಭಾವ, ಅದನ್ನು ರೋಗವೆಂದು ತಿಳಿಯಬಾರದು.